ಜಾತಿ ಎಂಬ 'ವೈಯಕ್ತಿಕ ಭಿನ್ನತೆ'

ಶಾಲಾ ಮೇಷ್ಟ್ರಾಗಲು ಹೊರಟವರು ಬರೆಯಬೇಕಾದ ಕೇಂದ್ರ ಶಿಕ್ಷಕ ಅರ್ಹತಾ ಪರೀಕ್ಷೆ ಶುರುವಾದದ್ದು 2011ರಲ್ಲಿ. ಒಟ್ಟು 150 ಅಂಕ. ಅದರಲ್ಲಿ 30 ಅಂಕ 'ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ'ಕ್ಕೆ. ಈ 30 ಅಂಕದ ಪಠ್ಯಕ್ರಮದಲ್ಲಿ ಜಾತಿ ಅನ್ನುವ ಪದ ಬರುತ್ತೆ. ಬರೋದೇ ಇಲ್ಲ ಅಂತ ದೂರುವ ಹಾಗಿಲ್ಲ. ಆದರೆ ಅದು ಎಲ್ಲಿ ಬರುತ್ತೆ ಎಂಬುದನ್ನು ಗಮನಿಸಬೇಕು. 'ಕಲಿಯುವವರಲ್ಲಿನ ವೈಯಕ್ತಿಕ ಭಿನ್ನತೆಗಳು' ಎಂಬ ಸಾಲಿನಲ್ಲಿ ಭಾಷೆ, ಜಾತಿ, ಲಿಂಗ, ಸಮುದಾಯ, ಧರ್ಮ ಅಂತ ಒಂದರ ಹಿಂದೆ ಒಂದನ್ನು ಪೋಣಿಸಿದ್ದಾರೆ. ಒಂದು ಮಗುವಿಗೆ ಎಡಗೈ ರೂಢಿ, ಇನ್ನೊಂದಕ್ಕೆ ಕಣ್ಣು ಮಂಜು, ಮತ್ತೊಂದು ಹೊಲಗೇರಿಯದು ಎಂದ ಹಾಗೆ!

ಜಾತಿ ಮಗುವಿನೊಳಗೆ ಇರುವ ವಸ್ತುವಲ್ಲ. ಅದು ಆ ಮಗುವಿಗೂ ಪಕ್ಕದಲ್ಲಿ ಕೂರುವ ಮಗುವಿಗೂ, ಆ ಮಗುವಿಗೂ ಮೇಷ್ಟ್ರಿಗೂ ನಡುವೆ ಊರು ಇಟ್ಟಿರುವ ದೂರ. ಈ ದೂರ ಒಂದು ಮಗುವಿನ 'ಭಿನ್ನತೆ'ಯಾಗಿ, ಅದೂ 'ವೈಯಕ್ತಿಕ' ಭಿನ್ನತೆಯಾಗಿ, ಪಠ್ಯಪುಸ್ತಕಕ್ಕೆ ಬಂದದ್ದು ಹೇಗೆ? ಭಾವಿ ಶಿಕ್ಷಕರಿಗೆ ಇದನ್ನೇ ಪಾಠ ಮಾಡಿ ಸಂಬಳ ತಗೊಳ್ಳುವವನು ನಾನು. ಹಾಗಾಗಿ ಈ ಪ್ರಶ್ನೆಯ ಚರಿತ್ರೆಯನ್ನು ಒಂದಿಷ್ಟು ಕೆದಕಿದ್ದೇನೆ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಶಿಕ್ಷಕ ತರಬೇತಿಯ ಮಾತೇಕೆ ಅಂತ ಕೆಲವು ಗೆಳೆಯರಿಗೆ ಅನ್ನಿಸಬಹುದು. ಕತೆ ಕವಿತೆಗಳನ್ನಷ್ಟೇ ಓದಿ ದಲಿತ ವಿಮರ್ಶೆ ಮುಗಿಯುವುದಿಲ್ಲ. ಲಕ್ಷಾಂತರ ಜನ ಉರು ಹೊಡೆದು, ಆಮೇಲೆ ನಮ್ಮ ಕೇರಿಯ ಮಕ್ಕಳ ಮುಂದೆ ಬಂದು ನಿಲ್ಲುತ್ತಾರಲ್ಲ, ಆ ಗೈಡುಗಳು ಕೂಡ ಪಠ್ಯಗಳೇ.

ಧಾರವಾಡದಿಂದ ಶುರುಮಾಡೋಣ. ಕನ್ನಡ ಶಾಲೆಗಳ ಚರಿತ್ರೆ ಬರೆಯುವವರೆಲ್ಲ ಡೆಪ್ಯುಟಿ ಚನ್ನಬಸಪ್ಪನವರ ಧಾರವಾಡವನ್ನು ನೆನೆಯುತ್ತಾರೆ, ನೆನೆಯಬೇಕಾದ್ದೇ. ಇನ್ನೊಂದು ಧಾರವಾಡವೂ ಇದೆ. 1856ರ ಜೂನ್ ತಿಂಗಳಲ್ಲಿ ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಮಹಾರ್ ಜಾತಿಯ ಒಬ್ಬ ಹುಡುಗನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ಅಂಬೇಡ್ಕರ್ ತಮ್ಮ ಬರಹಗಳಲ್ಲಿ ಈ ಪ್ರಕರಣದ ಕಡತವನ್ನು ಉದ್ದುದ್ದ ಉಲ್ಲೇಖಿಸುತ್ತಾರೆ. ಮುಂಬಯಿ ಸರಕಾರ ಜುಲೈ ತಿಂಗಳಲ್ಲೇ ತೀರ್ಮಾನ ಕೊಟ್ಟಿತು. ತೀರ್ಮಾನದ ಧಾಟಿ ಹೀಗಿತ್ತು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ಅವನನ್ನು ಬಲವಂತವಾಗಿ ಒಳಗೆ ಸೇರಿಸಿದರೆ ಉಳಿದವರೆಲ್ಲ ಬಿಟ್ಟುಹೋಗಿ ಶಾಲೆಯೇ ನಿಷ್ಪ್ರಯೋಜಕವಾಗುತ್ತೆ. ಬಂಗಾಳ ಪ್ರಾಂತದಲ್ಲಾಗಿದ್ದರೆ ಈ ಹುಡುಗನನ್ನು ಯಾವ ಸರಕಾರಿ ಶಾಲೆಯೂ ನಿರಾಕರಿಸುತ್ತಿರಲಿಲ್ಲ ಅಂತ ಭಾರತ ಸರಕಾರ 1857ರ ಜನವರಿಯಲ್ಲಿ ಬರೆಯಿತು. 1858ರಲ್ಲಿ ಲಂಡನ್ನಿನ ಡೈರೆಕ್ಟರುಗಳು ಸರಕಾರಿ ಶಾಲೆ ಎಲ್ಲ ವರ್ಗಗಳಿಗೂ ತೆರೆದದ್ದು ಎಂಬ ತತ್ವವನ್ನು ಮತ್ತೆ ಎತ್ತಿಹಿಡಿದರು. ತತ್ವಕ್ಕೇನು, ಕಾಗದದ ಮೇಲೆ ಸಮುದ್ರ ದಾಟಿ ಬಂತು.

ಈ ಕಡತದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಆ ಹುಡುಗನಿಗೆ ಕಲಿಯುವ ಬುದ್ಧಿ ಇಲ್ಲ ಅಂತ ಯಾರೂ ಅನ್ನಲಿಲ್ಲ. ಅಡ್ಡಿ ಇದ್ದದ್ದು ಉಳಿದವರು ಅವನ ಜತೆ ಕೂರುವುದಿಲ್ಲ ಎಂಬುದಕ್ಕೆ. ಅಂದರೆ 1856ರಲ್ಲಿ ಜಾತಿ ಇನ್ನೂ ಸಂಬಂಧವಾಗಿಯೇ, ನೆಲದ ಮೇಲಿನ ದೂರವಾಗಿಯೇ ಸರಕಾರಕ್ಕೂ ಕಾಣುತ್ತಿತ್ತು. ಅನ್ಯಾಯವೇನೋ ನಡೆಯಿತು, ಆದರೆ ಅದಕ್ಕೆ ಅದರದೇ ಹೆಸರಿತ್ತು.

ಇಪ್ಪತ್ತಾರು ವರ್ಷದ ನಂತರ ಹಂಟರ್ ಆಯೋಗ ಬಂತು. 1882ರಲ್ಲಿ ಜೋತಿಬಾ ಫುಲೆ ಅದಕ್ಕೊಂದು ಮನವಿ ಕೊಟ್ಟರು. ನನ್ನ ಮಟ್ಟಿಗೆ ಈ ದೇಶದಲ್ಲಿ ಶಿಕ್ಷಕ ತರಬೇತಿಯ ಮೊದಲ ನಿಜವಾದ ಪಠ್ಯ ಅದು. ಅವರ ಮನೆಯಲ್ಲೇ ತರಬೇತಿ ಪಡೆದ ಶಿಕ್ಷಕಿ ಇದ್ದರು. ಸಾವಿತ್ರಿಬಾಯಿ ಅಕ್ಷರ ಕಲಿತು, ಮಿಷನರಿಗಳ ಬಳಿ ತರಬೇತಿಯನ್ನೂ ಪಡೆದು ಪಾಠ ಹೇಳಿದವರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ. ಅದಾದ ಮೇಲೆ ಮಹಾರ್, ಮಾಂಗ್ ಮಕ್ಕಳಿಗೆ ಶಾಲೆ. ಈ ಅನುಭವದ ಮೇಲೆ ನಿಂತು ಫುಲೆ ಆಯೋಗಕ್ಕೆ ಹೇಳಿದ್ದೇನು? ಪ್ರಾಥಮಿಕ ಶಾಲೆಯ ಮೇಷ್ಟ್ರು ತರಬೇತಿ ಪಡೆದವರಿರಬೇಕು. ಅವರು ಆದಷ್ಟೂ ಒಕ್ಕಲು ಮಕ್ಕಳ ಜಾತಿಗಳಿಂದ ಬರಬೇಕು, ಮಕ್ಕಳ ಜತೆ ಬೆರೆಯುವವರಾಗಿರಬೇಕು, ನೇಗಿಲ ಮೇಳಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚಬಾರದು. ಧರ್ಮದ ಹೆಸರಲ್ಲಿ ದೂರ ನಿಲ್ಲುವ ಬ್ರಾಹ್ಮಣ ಶಿಕ್ಷಕರಿಗೆ ಈ ಮಕ್ಕಳ ಬೇಕು ಬೇಡ ತಿಳಿಯುವುದಿಲ್ಲ. ಸಂಬಳ ಇಂತಿಷ್ಟು ಸಿಗಬೇಕು ಅಂತಲೂ ಲೆಕ್ಕ ಹಾಕಿ ಹೇಳಿದರು.

ಇಲ್ಲಿ ಪರೀಕ್ಷೆಗೆ ಒಳಗಾಗುತ್ತಿರುವವರು ಯಾರು ನೋಡಿ. ಮಗುವಲ್ಲ, ಮೇಷ್ಟ್ರು. ಹುಡುಗ ಕಲಿಯಲು ಯೋಗ್ಯನೇ ಅಂತ ಫುಲೆ ಕೇಳಲಿಲ್ಲ. ಮೇಷ್ಟ್ರು ಅವನ ಹತ್ತಿರ ಹೋಗಲು ಯೋಗ್ಯನೇ ಅಂತ ಕೇಳಿದರು. ಹಂಟರ್ ಆಯೋಗ ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟಿತು. ಯಾವ ಹುಡುಗನನ್ನೂ ಜಾತಿಯ ಕಾರಣಕ್ಕೆ ನಿರಾಕರಿಸಬಾರದೆಂಬ ತತ್ವವನ್ನು ಪುನರುಚ್ಚರಿಸಿ, ಅದನ್ನು 'ಎಚ್ಚರಿಕೆಯಿಂದ' ಜಾರಿ ಮಾಡಿ ಎಂದಿತು. ಕೆಳಜಾತಿ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ಉದಾರವಾಗಿ ಪ್ರೋತ್ಸಾಹಿಸಿ ಎಂದಿತು. ಆ 'ಎಚ್ಚರಿಕೆ'ಯ ಫಲವನ್ನು ಸತಾರಾದಲ್ಲಿ ಬೆಳೆದ ಹುಡುಗ ಭೀಮರಾವ್ ಉಂಡ. ಕೂರಲು ಮನೆಯಿಂದ ತಂದ ಗೋಣಿತಟ್ಟು. ಬಾಯಾರಿದರೆ ಜವಾನ ಬಂದು ಎತ್ತಿ ಹಾಕಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲುಗಳು ಒಂದೊಂದಾಗಿ, ಕಾಯಿದೆಯಲ್ಲಾದರೂ, ತೆರೆದುಕೊಂಡವು. ಮೈಸೂರು ಸಂಸ್ಥಾನದಲ್ಲಿ ಪಂಚಮರ ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸುವ ಆದೇಶಗಳು 1910ರ ದಶಕದಲ್ಲಿ ಬಂದು ಮೇಲ್ಜಾತಿಗಳ ಪ್ರತಿಭಟನೆ ಎದುರಿಸಿದವು. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಬೋಲೆಯವರ ಗೊತ್ತುವಳಿಯನ್ನು ಅಂಗೀಕರಿಸಿತು. ಕೆರೆ ಬಾವಿಗಳ ಜತೆಗೆ ಸಾರ್ವಜನಿಕ ಶಾಲೆಗಳೂ ಅದರಲ್ಲಿ ಸೇರಿದ್ದವು. ಈ ಗೊತ್ತುವಳಿಯ ಬಲದ ಮೇಲೆಯೇ 1927ರಲ್ಲಿ ಮಹಾಡ್ ಕೆರೆಯ ಸತ್ಯಾಗ್ರಹ ನಡೆದದ್ದು.

ಸರಿಯಾಗಿ ಇದೇ ಹೊತ್ತಿಗೆ ಮಗುವನ್ನು ಅಳೆಯುವ ಹೊಸ ವಿಜ್ಞಾನ ನಮ್ಮ ನೆಲಕ್ಕೆ ಬಂದಿಳಿಯಿತು.

ಅದರ ಮೂಲ ಪ್ಯಾರಿಸ್ಸಿನಲ್ಲಿ. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಹೆಚ್ಚಿನ ನೆರವು ಕೊಡುವ ಸಲುವಾಗಿ ಅವರನ್ನು ಗುರುತಿಸಲು ಆಲ್ಫ್ರೆಡ್ ಬಿನೆ, ಸಿಮೊನ್ ಜತೆಗೂಡಿ 1905ರಲ್ಲಿ ಒಂದು ಪರೀಕ್ಷೆ ಮಾಡಿದ. ಬುದ್ಧಿ ಹುಟ್ಟಿನಿಂದ ಇಷ್ಟೇ, ಹೆಚ್ಚಿಸಲಾಗದು ಎನ್ನುವವರ ಕ್ರೂರ ನಿರಾಶಾವಾದವನ್ನು 1909ರಲ್ಲಿ ಅವನೇ ಖಂಡಿಸಿ ಬರೆದ. ಈ ಅಳತೆಗೋಲು ಅಮೆರಿಕಕ್ಕೆ ಹೋದಾಗ ಅರ್ಥ ತಿರುಗಿತು. ಸ್ಟ್ಯಾನ್‌ಫರ್ಡಿನ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿ, ಕರಿಯರು, ಮೆಕ್ಸಿಕನ್ನರು, ಅಲ್ಲಿನ ಮೂಲನಿವಾಸಿಗಳ ದಡ್ಡತನ ಜನಾಂಗದ್ದೇ ಇರಬೇಕೆಂದು ಬರೆದ. ಅಂಥ ಮಕ್ಕಳಿಗೆ ಪ್ರತ್ಯೇಕ ತರಗತಿ ಮಾಡಿ. ಅಮೂರ್ತ ವಿಚಾರ ಅವರ ತಲೆಗೆ ಹತ್ತದು. ಒಳ್ಳೇ ಕೆಲಸಗಾರರನ್ನಾಗಿ ಮಾಡಬಹುದು ಎಂದ. ಮನುಸ್ಮೃತಿ ಓದಿದವರಿಗೆ ಇದರ ಅನುವಾದ ಬೇಕಾಗುವುದಿಲ್ಲ.

ಭಾರತಕ್ಕೆ ಬಂದದ್ದು ಹೆಚ್ಚಾಗಿ ಈ ಸ್ಟ್ಯಾನ್‌ಫರ್ಡ್ ಕೋಲೇ. 1929ರಲ್ಲಿ ಹರ್ಬರ್ಟ್ ರೈಸ್ ಹಿಂದೂಸ್ತಾನಿ ಬಿನೆ ಮಾಪನವನ್ನು ಪ್ರಕಟಿಸಿದ. ಪಂಜಾಬಿನ ಕೆಲವು ಜಾತಿಗಳ ಬುದ್ಧಿಶಕ್ತಿಯ ಹೋಲಿಕೆ ಎಂದು ಆ ಪುಸ್ತಕದ ಉಪಶೀರ್ಷಿಕೆಯೇ ಹೇಳುತ್ತೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತವರು. ಎಲ್ಲ ಬುದ್ಧಿಯ ಹಿಂದೆ 'ಸಾಮಾನ್ಯ ಬುದ್ಧಿ' ಎಂಬ ಒಂದೇ ಶಕ್ತಿ ಇದೆ ಅಂತ ಲೆಕ್ಕ ಹಾಕಿದವನೇ ಈ ಸ್ಪಿಯರ್‌ಮನ್. (ಮೈಸೂರಿನವರಿಗೆ ಗೋಪಾಲಸ್ವಾಮಿ ಎಂದರೆ 1935ರ ಆಕಾಶವಾಣಿ ಮಾತ್ರ ನೆನಪು.) ಮುಂಬಯಿ ಪ್ರಾಂತದ ಕನ್ನಡ, ಮರಾಠಿ ಮಕ್ಕಳಿಗೆ ಬಿನೆ ಪರೀಕ್ಷೆಯನ್ನು ಹೊಂದಿಸಿದ ವಿ.ವಿ. ಕಾಮತರ ಪುಸ್ತಕ 1940ರಲ್ಲಿ ಬಂತು. ಅದು ಬಿ.ಎಡ್. ಗೈಡುಗಳಲ್ಲಿ ಇವತ್ತಿಗೂ ಒಂದು ಅಂಕದ ಪ್ರಶ್ನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಯಾರೋ ಕೂತು ಪಿತೂರಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕಾಮತರು, ಗೋಪಾಲಸ್ವಾಮಿಯವರು ಕಷ್ಟಪಟ್ಟು ಹೊಸ ಶಾಸ್ತ್ರವನ್ನು ನಮ್ಮ ಭಾಷೆಗೆ, ನಮ್ಮ ಜನಕ್ಕೆ ಹತ್ತಿರ ತಂದವರು. ನನ್ನ ಮಾತು ಕಾಲದ ಬಗ್ಗೆ, ಸಂದರ್ಭದ ಬಗ್ಗೆ. 'ಇವನ ಜತೆ ಕೂರುವುದಿಲ್ಲ' ಎಂದು ಬಾಯಿಬಿಟ್ಟು ಹೇಳುವುದು ಕಷ್ಟವಾಗುತ್ತಾ ಬಂದ ಹೊತ್ತಿನಲ್ಲಿ 'ಇವನಿಗೆ ತಲೆಗೆ ಹತ್ತುವುದಿಲ್ಲ' ಎಂದು ಹೇಳಲು ತರಬೇತಿ ಕಾಲೇಜುಗಳಿಗೆ ಒಂದು ಭಾಷೆ ಸಿಕ್ಕಿತು. ದೂರ ಹೋಗಿ ಭಿನ್ನತೆ ಬಂತು. ಫುಲೆ ಮೇಷ್ಟ್ರ ಕಡೆ ತಿರುಗಿಸಿದ್ದ ಕನ್ನಡಿ ಮಗುವಿನ ಕಡೆ ತಿರುಗಿತು. 1962ರಲ್ಲಿ ಅಮೆರಿಕದ ರೀಸ್‌ಮನ್ ಬರೆದ ಪುಸ್ತಕದಿಂದ 'ಸಾಂಸ್ಕೃತಿಕವಾಗಿ ವಂಚಿತ ಮಗು' ಎಂಬ ಮಾತು ಹರಡಿ ಬಂದು, ಇದಕ್ಕೆ ಕನಿಕರದ ಬಣ್ಣವನ್ನೂ ಬಳಿಯಿತು. ತಮಟೆಯ ಲಯ, ಚರ್ಮದ ಹದ, ಸುಗ್ಗಿಯ ಲೆಕ್ಕ, ರಾತ್ರಿಯಿಡೀ ನಡೆಯುವ ಕತೆ, ಇಷ್ಟೆಲ್ಲಾ ಇರುವ ಕೇರಿಯ ಮಗು ಸಂಸ್ಕೃತಿ ವಂಚಿತವಂತೆ.

ಇದು ತರಗತಿಯಲ್ಲಿ ಹೇಗೆ ಕೆಲಸ ಮಾಡುತ್ತೆ ಎನ್ನುವುದಕ್ಕೆ ಭಾಷೆಯನ್ನೇ ತಗೊಳ್ಳಿ. ನಮ್ಮ ಕಡೆ, ಹಳೆ ಮೈಸೂರಿನ ಹಳ್ಳಿಗಳಲ್ಲಿ, ಹಾಲು ಅನ್ನಲ್ಲ, ಆಲು. ಹಸು ಅಸುವಾಗುತ್ತೆ. ಮೇಷ್ಟ್ರು ಗದರಿಸಿದರೆ ಹುಡುಗ ಹೆದರಿ ಆನೆಯನ್ನು ಹಾನೆ ಮಾಡಿಬಿಡುತ್ತಾನೆ. ಪದದ ಮೊದಲ ಹಕಾರ ಬೀಳುವುದು ಒಂದು ಪ್ರದೇಶದ ನುಡಿಯ ನಿಯಮ, ತಪ್ಪಲ್ಲ. ಮಹಾಪ್ರಾಣಗಳ ವಿಷಯವೂ ಇದೇ. ಓದಿದವರೂ ಮಾತಾಡುವಾಗ ಅವನ್ನು ಉಚ್ಚರಿಸುವುದು ಅಪರೂಪ ಅಂತ ಡಿ.ಎನ್. ಶಂಕರ ಭಟ್ಟರು ವಿವರವಾಗಿ ತೋರಿಸಿದ್ದಾರೆ. ಆದರೂ ಶಬ್ದಗಳ ಅರ್ಥ ಕೇಳುವ, ವಾಕ್ಯ ಪುನರುಚ್ಚರಿಸಿ ಅನ್ನುವ ಪ್ರತಿಯೊಂದು ಪರೀಕ್ಷೆಯಲ್ಲೂ ಒಂದು ಮನೆಯ ಮಾತು ಬುದ್ಧಿಯಾಗುತ್ತೆ, ಇನ್ನೊಂದು ಮನೆಯ ಮಾತು ಬುದ್ಧಿಮಾಂದ್ಯವಾಗುತ್ತೆ. ಹೋದ ವರ್ಷ ಬೋಧನಾಭ್ಯಾಸ ಮುಗಿಸಿ ಬಂದ ನನ್ನ ವಿದ್ಯಾರ್ಥಿಯೊಬ್ಬ ವರದಿಯಲ್ಲಿ ಆರು ಮಕ್ಕಳನ್ನು 'ನಿಧಾನ ಕಲಿಕೆಯವರು' ಅಂತ ಗುರುತು ಹಾಕಿದ್ದ. "ಆರೂ ಒಂದೇ ಬೀದಿಯಿಂದ ಬರ್ತಾರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಸಾರ್, ಆದ್ರೆ ನಾನು ಬೀದಿ ನೋಡಿ ಬರೀಲಿಲ್ಲ, ನಿಜವಾಗ್ಲೂ" ಅಂದ. ನಂಬಿದೆ. ಅವನು ಬೀದಿ ನೋಡಬೇಕಾಗಿರಲಿಲ್ಲ, ನಮೂನೆ ತುಂಬಿದರೆ ಸಾಕಿತ್ತು.

ಇನ್ನು ಪಿಯಾಜೆ. ಶಿಶು ವಿಕಾಸದ ಗೈಡುಗಳಲ್ಲಿ ಇವನೇ ಮೂಲದೇವರು. ಶೈಶವದ ಬಗ್ಗೆ ಅವನು ಕಟ್ಟಿದ ಸಿದ್ಧಾಂತ ನಿಂತಿರುವುದು ಅವನದೇ ಮೂರು ಮಕ್ಕಳ ಮೇಲೆ ಬರೆದಿಟ್ಟ ಟಿಪ್ಪಣಿಗಳ ಮೇಲೆ. ಸೂಕ್ಷ್ಮವಾಗಿ ನೋಡಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಅವನ ಪ್ರಸಿದ್ಧ ಪ್ರಯೋಗ ಎಲ್ಲರಿಗೂ ಗೊತ್ತು: ಒಂದೇ ಅಳತೆಯ ಎರಡು ಲೋಟದಲ್ಲಿ ಸಮನಾಗಿ ನೀರು, ಒಂದರದ್ದನ್ನು ಎತ್ತರದ, ಸಣ್ಣ ಬಾಯಿಯ ಲೋಟಕ್ಕೆ ಸುರಿದು ಈಗ ಯಾವುದರಲ್ಲಿ ಹೆಚ್ಚಿದೆ ಅಂತ ಮಗುವನ್ನು ಕೇಳುವುದು. ಆರೇಳು ವರ್ಷದವರೆಗೆ ಮಗು ಎತ್ತರದ ಲೋಟ ತೋರಿಸುತ್ತೆ. ನಾನು ಇದನ್ನು ಪಾಠ ಮಾಡುವಾಗೆಲ್ಲ ಎರಡು ಲೋಟ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರಾದರೂ ನಗುತ್ತಾರೆ. ಹೋಟೆಲಿನ ಎರಡು ಲೋಟ ನೋಡಿ ಬೆಳೆದವರ ನಗೆ ಅದು. ನಮ್ಮಲ್ಲಿ ಮಗು ನೀರಿನ ಅಳತೆಗೆ ಮುಂಚೆ ಲೋಟದ ಒಡೆತನ ಕಲಿಯುತ್ತೆ. 2002ರಿಂದ ಬಂದ ಬಿಸಿಯೂಟವನ್ನು ಉಂಡು ಬೆಳೆದ ತಲೆಮಾರು ನನ್ನದು. ಅಡುಗೆ ಮಾಡಿದವಳು ದಲಿತಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿ ಓದುತ್ತಲೇ ಬಂದಿದ್ದೇವೆ. ಎಂಟು ವರ್ಷದ ಮಗು ಯಾರು ಬಡಿಸಿದ್ದು ಉಣ್ಣಬಾರದು ಅಂತ ಇಷ್ಟು ನಿಖರವಾಗಿ ಕಲಿಯಬಲ್ಲದಾದರೆ ಅದು ಯಾವ ವಿಕಾಸದ ಯಾವ ಹಂತ? ಮೇಲ್ಜಾತಿ ಮಗುವಿನ ಈ ಕಲಿಕೆಗೆ ಯಾವ ಗೈಡಿನಲ್ಲೂ ಅಧ್ಯಾಯವಿಲ್ಲ. 'ಭಿನ್ನತೆ' ಯಾವಾಗಲೂ ನಮ್ಮದೇ.

ಬೋಧನೋಪಕರಣಗಳ ಪಾಠದಲ್ಲಿ ಮೊದಲು ಬರುವುದು ಕರಿಹಲಗೆ. ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಮೂಲೆಯಿಂದ ಒರೆಸಬೇಕು, ಎಲ್ಲವನ್ನೂ ಹೇಳಿಕೊಡುತ್ತೇವೆ. ಮುಂಬಯಿಯ ಹೈಸ್ಕೂಲಿನಲ್ಲಿ ಮೇಷ್ಟ್ರು ಲೆಕ್ಕ ಬಿಡಿಸಲು ಅಂಬೇಡ್ಕರರನ್ನು ಕರಿಹಲಗೆಗೆ ಕರೆದಾಗ, ಅದರ ಹಿಂದಿಟ್ಟಿದ್ದ ತಮ್ಮ ಬುತ್ತಿ ಮೈಲಿಗೆಯಾದೀತೆಂದು ಉಳಿದ ಹುಡುಗರು ಗಲಾಟೆ ಎಬ್ಬಿಸಿದ್ದನ್ನು ಧನಂಜಯ ಕೀರ್ ದಾಖಲಿಸಿದ್ದಾರೆ. ಆ ಮೇಷ್ಟ್ರು ಕರೆದರಲ್ಲ, ಅದು ಬೋಧನಾ ವಿಧಾನ.

ವೈಗಾಟ್‌ಸ್ಕಿಯ ಬಗ್ಗೆ ನನಗೆ ಸ್ವಲ್ಪ ಮೋಹವಿದೆ, ಮುಚ್ಚಿಡುವುದಿಲ್ಲ. ಮಗು ತಾನೊಬ್ಬನೇ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗವನ್ನು ಅವನು 'ಸಮೀಪ ವಿಕಾಸ ವಲಯ' ಅಂದ. 1934ರಲ್ಲಿ ಮೂವತ್ತೇಳರ ಹರೆಯದಲ್ಲಿ ತೀರಿಕೊಂಡವನು. ಗೈಡುಗಳು ಈ ವಲಯಕ್ಕೆ ಎರಡು ವೃತ್ತ ಬರೆದು ಕೈತೊಳೆಯುತ್ತವೆ. ಬಲ್ಲವರು ಪಕ್ಕಕ್ಕೆ ಬಂದು ಕೂರದಿದ್ದರೆ ಆ ವಲಯ ಎಲ್ಲಿಂದ ಬಂತು? ಫುಲೆ 1882ರಲ್ಲಿ ಮೇಷ್ಟ್ರಿಗೆ ಹಾಕಿದ ಷರತ್ತೂ ಇದೇ ಅಲ್ಲವೇ, ಬೆರೆಯಬೇಕು ಅಂತ? 2009ರ ಶಿಕ್ಷಣ ಹಕ್ಕು ಕಾಯಿದೆಯ 9ನೇ ಕಲಮು ಅವಕಾಶವಂಚಿತ ಗುಂಪಿನ ಮಕ್ಕಳ ವಿರುದ್ಧ ತಾರತಮ್ಯ ನಡೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರದ ಮೇಲೆ ಹಾಕುತ್ತೆ. ಆ ಕಲಮನ್ನು ಸಮೀಪ ವಲಯದ ಪಾಠದ ಜತೆಗಿಟ್ಟು ಓದಿಸಿದರೆ ವಿದ್ಯಾರ್ಥಿಗಳಿಗೆ ಎರಡೂ ಅರ್ಥವಾಗುತ್ತೆ. ಇದು ನನ್ನ ಅನುಭವ.

ಈ ವರ್ಷ ಇನ್ನೊಂದನ್ನೂ ಓದಿಸುತ್ತಿದ್ದೇನೆ. ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಹುಡುಗಿ ಮುಕ್ತಾಬಾಯಿ, ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ. ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾದದ್ದು 1855ರಲ್ಲಿ, ಒಬ್ಬ ಹುಡುಗನಿಗಾಗಿ ಶಾಲೆ ಕೆಡಿಸಲಾಗದು ಅಂತ ಮುಂಬಯಿ ಸರಕಾರ ಧಾರವಾಡಕ್ಕೆ ಹೇಳುವುದಕ್ಕೆ ಒಂದು ವರ್ಷ ಮೊದಲು. ವೇದ ಬ್ರಾಹ್ಮಣರದ್ದು ಮಾತ್ರವೇ ಆಗಿದ್ದರೆ, ಅದರಂತೆ ನಡೆಯುವ ಹೊಣೆಯೂ ಅವರದ್ದೇ. ಆಗ ನಮಗೆ ಧರ್ಮವೇ ಇಲ್ಲ ಎಂದಾಗುತ್ತದಲ್ಲ ಅಂತ ಅವಳು ತರ್ಕ ಹೂಡುತ್ತಾಳೆ. 'ಹೀಗಿದ್ದರೆ ಹಾಗೆ' ಎಂದು ಊಹೆಯಿಂದ ತೀರ್ಮಾನಕ್ಕೆ ಹೋಗುವುದು ಪಿಯಾಜೆಯ ಲೆಕ್ಕದಲ್ಲಿ ಕೊನೆಯ ಹಂತ, ಔಪಚಾರಿಕ ಕಾರ್ಯಗಳ ಹಂತ. ನನ್ನ ವಿದ್ಯಾರ್ಥಿಗಳಿಗೆ ಕೊಟ್ಟಿರುವ ಪ್ರಶ್ನೆ ಇಷ್ಟೇ: ಮುಕ್ತಾಬಾಯಿಯನ್ನು ನೀವು ಯಾವ ಹಂತದಲ್ಲಿ ಇಡುತ್ತೀರಿ, ಅವಳಿಗೆ ಪಾಠ ಹೇಳಿದವರು ಎಲ್ಲಿ ಕೂತಿದ್ದರು?