ಅಲೆಯುವ ಸ್ಟಿಕ್ಕಿನ ಚರಿತ್ರೆ

ಯಾರ ಕೈಯೂ ಸೋಕಿಲ್ಲ. ಆದರೂ ಆಟದೊಳಗಿನ ವೀರ ತಾನಾಗಿ ಎಡಕ್ಕೆ ನಡೆಯತೊಡಗುತ್ತಾನೆ. ವಿಡಿಯೋ ಗೇಮ್ ಆಡುವ ಮಕ್ಕಳು ಇದನ್ನು 'ಸ್ಟಿಕ್ ಡ್ರಿಫ್ಟ್' ಎನ್ನುತ್ತಾರೆ. ಹೆಬ್ಬೆರಳಿನಡಿಯ ಪುಟ್ಟ ಸ್ಟಿಕ್ಕು ನಡುವೆ ನಿಂತಿದ್ದರೂ ಅದು ವಾಲಿದೆಯೆಂದೇ ಯಂತ್ರ ಬಗೆಯುವ ದೋಷವಿದು. ನೋಡಲು ಅಲ್ಪ ವಿಷಯ. ಆದರೆ ಇದರ ಹಿಂದೆ ನಾಲ್ಕು ದಶಕಗಳ ಚರಿತ್ರೆಯುಂಟು. ಸವೆಯುವ ವಸ್ತುವಿನ ನಷ್ಟವನ್ನು ಹೊರಬೇಕಾದವರು ಮಾರಿದವರೋ ಕೊಂಡವರೋ ಎಂಬ ಪ್ರಶ್ನೆಯೂ ಉಂಟು.

ದೋಷದ ಮೂಲ ನಮಗೆ ಅಪರಿಚಿತವೇನಲ್ಲ. ಹಳೆಯ ರೇಡಿಯೋದ ಧ್ವನಿಯ ಗುಂಡಿಯನ್ನು ತಿರುಗಿಸಿದಾಗ ಕರಕರ ಸದ್ದು ಬರುವುದನ್ನು ಹಿರಿಯರು ಕೇಳಿಯೇ ಇದ್ದಾರೆ. ಆ ಗುಂಡಿಯ ಹಿಂದಿರುವ ಪೊಟೆನ್ಷಿಯೋಮೀಟರೇ ಸ್ಟಿಕ್ಕಿನ ಕೆಳಗೂ ಇದೆ: ಎಡಬಲಕ್ಕೆ ಒಂದು, ಹಿಂದುಮುಂದಕ್ಕೆ ಇನ್ನೊಂದು. ಇಂಗಾಲ ಲೇಪಿಸಿದ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಉಜ್ಜುತ್ತ ಸರಿಯುತ್ತದೆ. ಅದು ನಿಂತ ಸ್ಥಳಕ್ಕೆ ತಕ್ಕಂತೆ ಬದಲಾಗುವ ವೋಲ್ಟೇಜನ್ನು ಯಂತ್ರ ಓದಿಕೊಳ್ಳುತ್ತದೆ. ಉಜ್ಜಿದ್ದು ಸವೆಯಲೇಬೇಕು. ಲೇಪ ಸವೆದು, ಪುಡಿ ಕೂಡಿ, ಸ್ಪ್ರಿಂಗು ಸಡಿಲವಾದರೆ ನಡು ಎಂಬುದು ನಡುವಿನಲ್ಲಿ ಉಳಿಯದು.

1982ರಲ್ಲಿ ಅಮೆರಿಕಾದ ಅಟಾರಿ ಕಂಪೆನಿ ಹೊರತಂದ '5200' ಯಂತ್ರದ ಜಾಯ್‌ಸ್ಟಿಕ್ಕಿನಲ್ಲಿ ಈ ಪೊಟೆನ್ಷಿಯೋಮೀಟರುಗಳಿದ್ದವು. ಕೈಬಿಟ್ಟರೆ ನಡುವಿಗೆ ಮರಳುವ ಗುಣವೇ ಅದಕ್ಕಿರಲಿಲ್ಲ; ಬೇಗ ಕೆಡುತ್ತದೆಂಬ ಅಪಕೀರ್ತಿಯೂ ಬಂದಿತು. ಮುಂದೆ ಮೂರು ಆಯಾಮದ ಆಟಗಳು ಬಂದಾಗ ಸ್ಟಿಕ್ಕಿಗೆ ಮರುಜನ್ಮವಾಯಿತು. 1996ರ 'ನಿಂಟೆಂಡೋ 64' ಬೆಳಕಿನಿಂದ ಎಣಿಸುವ ಚಕ್ರಗಳನ್ನು ಬಳಸಿತು. ಅಲ್ಲಿ ಸವೆದದ್ದು ಪ್ಲಾಸ್ಟಿಕ್ಕಿನ ಭಾಗಗಳು. 1997ರಲ್ಲಿ ಸೋನಿ ಕಂಪೆನಿ ಜೋಡಿ ಸ್ಟಿಕ್ಕುಗಳ ಕಂಟ್ರೋಲರನ್ನು ತಂದಿತು. ಅಗ್ಗವಾದ ಪೊಟೆನ್ಷಿಯೋಮೀಟರೇ ಕ್ರಮೇಣ ಎಲ್ಲೆಡೆ ರೂಢಿಯಾಯಿತು.

ವಿಚಿತ್ರವೆಂದರೆ, ರೋಗಕ್ಕಿಂತ ಮದ್ದು ಹಳೆಯದು. 1879ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್, ವಿದ್ಯುತ್ತು ಹರಿಯುವ ತೆಳು ಚಿನ್ನದ ರೇಕನ್ನು ಅಯಸ್ಕಾಂತದ ನಡುವೆ ಇರಿಸಿದಾಗ ಅದರ ಅಡ್ಡಗಲಕ್ಕೆ ಸಣ್ಣ ವೋಲ್ಟೇಜು ಹುಟ್ಟುವುದನ್ನು ಕಂಡ. ಈ 'ಹಾಲ್ ಪರಿಣಾಮ'ದಿಂದ ಅಯಸ್ಕಾಂತದ ಚಲನೆಯನ್ನು ಮುಟ್ಟದೆಯೇ ಅಳೆಯಬಹುದು. ಉಜ್ಜುವುದಿಲ್ಲವಾದ್ದರಿಂದ ಅಳೆಯುವ ಭಾಗ ಸವೆಯುವುದಿಲ್ಲ. ಜಪಾನಿನ ಸೇಗಾ ಕಂಪೆನಿ 1996ರಲ್ಲೇ ತನ್ನ 'ಸ್ಯಾಟರ್ನ್' ಯಂತ್ರದ ಹೊಸ ಕಂಟ್ರೋಲರಿನಲ್ಲಿ, ಅನಂತರ 1998ರ 'ಡ್ರೀಮ್‌ಕಾಸ್ಟ್'ನಲ್ಲಿ ಇದನ್ನು ಬಳಸಿತ್ತು. ಆದರೆ 2001ರಲ್ಲಿ ಸೇಗಾ ಆಟದ ಯಂತ್ರಗಳ ತಯಾರಿಕೆಯಿಂದಲೇ ಹಿಂದೆಗೆಯಿತು. ಒಳ್ಳೆಯ ಉಪಾಯವೂ ಅದರೊಡನೆ ಮೂಲೆ ಸೇರಿತು.

2017ರ ಮಾರ್ಚಿನಲ್ಲಿ 'ನಿಂಟೆಂಡೋ ಸ್ವಿಚ್' ಬಂದ ಮೇಲೆ ಮನೆಯ ಗೊಣಗಾಟ ನ್ಯಾಯಾಲಯ ಮುಟ್ಟಿತು. ಅದರ 'ಜಾಯ್-ಕಾನ್' ಕಂಟ್ರೋಲರುಗಳು ಅಲೆಯತೊಡಗಿದವು. 2019ರ ಜುಲೈನಲ್ಲಿ ಅಮೆರಿಕಾದ ಗ್ರಾಹಕರು ಮೊಕದ್ದಮೆ ಹೂಡಿದರು. 2020ರ ಜೂನಿನಲ್ಲಿ ಕಂಪೆನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಗ್ರಾಹಕರ ಕ್ಷಮೆ ಕೇಳಿದರು. 2021ರ ಜನವರಿಯಲ್ಲಿ ಯೂರೋಪಿನ ಗ್ರಾಹಕ ಸಂಘಗಳ ಒಕ್ಕೂಟ ಸುಮಾರು 25,000 ದೂರುಗಳನ್ನು ಮುಂದಿಟ್ಟಿತು. 2023ರಲ್ಲಿ, ಖಾತರಿಯ ಅವಧಿ ಮುಗಿದಿದ್ದರೂ ಅಲ್ಲಿನವರಿಗೆ ಉಚಿತವಾಗಿ ರಿಪೇರಿ ಮಾಡಿಕೊಡಲು ಕಂಪೆನಿ ಒಪ್ಪಿಕೊಂಡಿತು.

ಇನ್ನು ಮನೆಮದ್ದು. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಧೂಳು ತೊಳೆದರೆ ಕೆಲಕಾಲ ಗುಣ ಕಾಣಬಹುದು. ನಡುವಿನ ಸಣ್ಣ ಅಲುಗಾಟವನ್ನು ಗಣಿಸಬೇಡವೆಂದು ಯಂತ್ರಕ್ಕೆ ಹೇಳುವ 'ಡೆಡ್ ಝೋನ್' ಎಂಬ ಏರ್ಪಾಡೂ ಉಂಟು. ಅದು ರೋಗವನ್ನು ಮುಚ್ಚುವುದೇ ಹೊರತು ವಾಸಿ ಮಾಡದು. ಸವೆದ ಭಾಗವನ್ನು ತೆಗೆದು ಬೇರೆಯದನ್ನು ಕೂಡಿಸುವುದೇ ನಿಜವಾದ ಚಿಕಿತ್ಸೆ. ಜಾಯ್-ಕಾನ್‌ನಲ್ಲಿ ಇದು ಸ್ಕ್ರೂ ಬಿಚ್ಚುವ ಕೆಲಸ. ಬೇರೆ ಹಲವು ಕಂಟ್ರೋಲರುಗಳಲ್ಲಿ ಬೆಸುಗೆಗಳನ್ನೆಲ್ಲ ಕರಗಿಸಬೇಕು, ಅದಕ್ಕೆ ಪಳಗಿದ ಕೈ ಬೇಕು. ಅಯಸ್ಕಾಂತದ ಸ್ಟಿಕ್ಕುಗಳು ಈಗ ಬಿಡಿಯಾಗಿಯೇ ದೊರೆಯುತ್ತವೆ. ಅವುಗಳ ಸ್ಪ್ರಿಂಗು ಸಡಿಲವಾಗಬಹುದೆಂಬುದು ನಿಜ. ಅಳೆಯುವ ಪಟ್ಟಿ ಸವೆಯುವ ಭಯ ಮಾತ್ರ ಇಲ್ಲ.

ಇಷ್ಟಾದರೂ 2025ರ ಜೂನಿನಲ್ಲಿ ಬಂದ 'ಸ್ವಿಚ್ 2' ಹಾಲ್ ಕ್ರಮವನ್ನು ಕೈಗೊಳ್ಳಲಿಲ್ಲ. ಹಾಗಾದರೆ ಕೊರತೆ ವಿಜ್ಞಾನದ್ದಲ್ಲ. ಕೆಟ್ಟರೆ ಕೊಂಡವನೇ ಇನ್ನೊಂದು ಕೊಳ್ಳುತ್ತಾನೆಂಬ ಭರವಸೆ ಇರುವವರೆಗೆ ಬಾಳಿಕೆಯ ವಸ್ತುವಿಗೆ ಒತ್ತಾಯವೆಲ್ಲಿಯದು? ಯೂರೋಪಿನ ಗ್ರಾಹಕರು ಉಚಿತ ರಿಪೇರಿಯನ್ನು ಪಡೆದುಕೊಂಡದ್ದು ಕಂಪೆನಿಯ ಔದಾರ್ಯದಿಂದಲ್ಲ, ಒಟ್ಟಾಗಿ ದೂರಿದ್ದರಿಂದ. ಆಟಿಕೆಗೆ ಸಂದ ಈ ನ್ಯಾಯ ಮನೆಯ ಉಳಿದ ಯಂತ್ರಗಳಿಗೂ ಸಲ್ಲಬೇಕಾದದ್ದೇ.