ಲೋಜ್ಯಾಕ್ ಮತ್ತು ಕಳ್ಳನ ಲೆಕ್ಕಾಚಾರ

ಸ್ಟೀಲ್ ಪಾತ್ರೆ ಕೊಂಡ ಕೂಡಲೇ ಅಂಗಡಿಯಲ್ಲೇ ಹೆಸರು ಹಾಕಿಸೋದು ನಮ್ಮಲ್ಲಿ ಹಳೇ ರೂಢಿ. ಯಾರ ಮನೆ ಸೇರಿದ್ರೂ ಇದು ನಮ್ಮದು ಅಂತ ತೋರಿಸಬಹುದು. ಆದ್ರೆ ಆ ಪಾತ್ರೆ ತಾನೇ "ನಾನು ಇಲ್ಲಿದ್ದೀನಿ" ಅಂತ ಕೂಗೋ ಹಾಗಿದ್ರೆ ಕಳ್ಳತನ ನಿಲ್ಲುತ್ತಾ?

ಇಂಥ ಪ್ರಯತ್ನ ಅಮೆರಿಕದಲ್ಲಿ 1960ರ ದಶಕದಲ್ಲೇ ಶುರುವಾಯ್ತು. ಓಹಾಯೋ ರಾಜ್ಯದ ಅಕ್ರನ್‌ನಲ್ಲಿ ರಾನ್ ಅಸ್ಸಾಫ್ ಅನ್ನೋ ಅಂಗಡಿ ಮ್ಯಾನೇಜರ್, ವೈನ್ ಬಾಟಲಿ ಕದ್ದು ಓಡಿದವನನ್ನ ಅಟ್ಟಿಸಿಕೊಂಡು ಹೋಗಿ ಬರಿಗೈಲಿ ವಾಪಸ್ ಬಂದ. ಮುಂದೆ ಆತ ಕಟ್ಟಿದ ಕಂಪನಿಯೇ ಸೆನ್ಸರ್‌ಮ್ಯಾಟಿಕ್. ಬಟ್ಟೆ ಅಂಗಡಿ ಬಾಗಿಲಲ್ಲಿ ಕೂಗೋ ಕಂಬಗಳನ್ನ ನೋಡಿರ್ತೀರಲ್ಲ, ಅವು ಇದೇ ವಂಶದವು. ಟ್ಯಾಗಿನಲ್ಲಿ ಬ್ಯಾಟರಿ ಇರಲ್ಲ, ಕಂಬದ ಅಲೆಗೆ ಅದು ದನಿಗೂಡಿಸುತ್ತೆ ಅಷ್ಟೆ. ಕಳ್ಳರೂ ಒಂಥರಾ ಇಂಜಿನಿಯರ್‌ಗಳೇ! ಬ್ಯಾಗಿನ ಒಳಗೆ ಅಲ್ಯೂಮಿನಿಯಂ ಹಾಳೆ ಹಚ್ಚಿಕೊಂಡು ಬಂದ್ರು. ಅಷ್ಟು ಕಷ್ಟ ಯಾಕೆ ಅನ್ನೋರಿಗೆ ಕಂಬ ಇಲ್ಲದ ಪಕ್ಕದ ಅಂಗಡಿ ಇದ್ದೇ ಇದೆ.

ನನಗೆ ತುಂಬಾ ಹಿಡಿಸಿದ್ದು ಲೋಜ್ಯಾಕ್ ಕಥೆ. 1986ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾಗಿದ್ದು. ಕಾರಿನೊಳಗೆ ಎಲ್ಲೋ ಒಂದು ಕಡೆ ಚಿಕ್ಕ ರೇಡಿಯೋ ಟ್ರಾನ್ಸ್‌ಮಿಟರ್ ಬಚ್ಚಿಡ್ತಾರೆ. ಕಾರು ಕಳುವಾಯ್ತು ಅಂತ ದೂರು ಕೊಟ್ಟ ಮೇಲೆ ಅದು ಎಚ್ಚರಗೊಂಡು ಸಿಗ್ನಲ್ ಕಳಿಸುತ್ತೆ, ಪೊಲೀಸ್ ಗಾಡಿಗಳು ಅದರ ಜಾಡು ಹಿಡಿದು ಹೋಗ್ತವೆ. ಮುಖ್ಯ ವಿಷಯ ಏನಪ್ಪಾ ಅಂದ್ರೆ, ಕಾರಿನ ಮೇಲೆ ಸ್ಟಿಕರ್ ಇಲ್ಲ, ಹೊರಗಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.

ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ (ಹೌದು, 'ಫ್ರೀಕನಾಮಿಕ್ಸ್' ಲೆವಿಟ್!) 1998ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ರು. ದೊಡ್ಡ ನಗರಗಳಲ್ಲಿ ಮೂರು ಲೋಜ್ಯಾಕ್ ಹಾಕಿದ್ರೆ ವರ್ಷಕ್ಕೆ ಒಂದು ಕಾರು ಕಳ್ಳತನ ತಪ್ಪುತ್ತೆ ಅನ್ನೋದು ಅವರ ಲೆಕ್ಕ. ಸ್ಟೀರಿಂಗ್‌ಗೆ ಕಣ್ಣಿಗೆ ಕಾಣೋ ಬೀಗ ಹಾಕಿದ್ರೆ ಕಳ್ಳ ಪಕ್ಕದ ಕಾರಿಗೆ ಹೋಗ್ತಾನೆ. ಆದ್ರೆ ಯಾವ ಕಾರಲ್ಲಿ ಟ್ಯಾಗ್ ಇದೆ ಅಂತಾನೇ ಗೊತ್ತಿಲ್ಲದಿದ್ರೆ ಎಲ್ಲಾ ಕಾರಿಗೂ ಹೆದರಬೇಕು. ಕದ್ದ ಕಾರು ಬಿಚ್ಚಿ ಬಿಡಿಭಾಗ ಮಾರೋ ಅಡ್ಡೆಗಳೂ ಸಿಕ್ಕಿಬಿದ್ದವು. ತಮಾಷೆ ನೋಡಿ, ಸುಮಾರು 600 ಡಾಲರ್ ಕೊಟ್ಟು ಹಾಕಿಸಿಕೊಂಡವನಿಗೆ ಸಿಕ್ಕಿದ್ದು ಒಟ್ಟು ಲಾಭದಲ್ಲಿ ಶೇ. 10ಕ್ಕಿಂತ ಕಡಿಮೆ! ಮಿಕ್ಕಿದ್ದೆಲ್ಲ ಊರಿನವರಿಗೆ. ಹಾಗಾಗಿ ಜನ ತಾವಾಗೇ ಕೊಳ್ಳೋದು ಯಾವಾಗಲೂ ಬೇಕಾದ್ದಕ್ಕಿಂತ ಕಡಿಮೆ ಅಂತ ಅವರ ವಾದ. ನನಗೂ ಇದು ಸರಿ ಅನ್ನಿಸುತ್ತೆ.

ಆಮೇಲೆ 2021ರಲ್ಲಿ ಆಪಲ್‌ನ ಏರ್‌ಟ್ಯಾಗ್ ಬಂತು. ಕೀ ಗೊಂಚಲು, ಬ್ಯಾಗು, ಸೈಕಲ್ಲು ಯಾವುದಕ್ಕೆ ಬೇಕಾದ್ರೂ ಸಿಕ್ಕಿಸಬಹುದು. ಕೆಲವರು ಅದನ್ನ ಹೆಂಗಸರ ಬ್ಯಾಗಿಗೆ ಗುಟ್ಟಾಗಿ ಹಾಕಿ ಹಿಂಬಾಲಿಸೋಕೆ ಬಳಸಿದ್ರು. ಅದಕ್ಕೇ ಅಪರಿಚಿತ ಟ್ಯಾಗ್ ಜೊತೆಗೆ ಬರ್ತಿದ್ರೆ ಫೋನು ಎಚ್ಚರಿಸುತ್ತೆ. 2023ರಿಂದ ಆಂಡ್ರಾಯ್ಡ್ ಫೋನಿಗೂ ಆ ಸೌಲಭ್ಯ ಬಂತು. ಬೇಕಾಗಿದ್ದ ರಕ್ಷಣೆಯೇ, ಎರಡು ಮಾತಿಲ್ಲ. ಆದ್ರೆ ಫೋನಿಗೆ ಕಳ್ಳ ಯಾರು, ಹೆದರಿದ ಹುಡುಗಿ ಯಾರು ಅನ್ನೋದು ಗೊತ್ತಾಗಲ್ಲವಲ್ಲ. ಬ್ಯಾಗ್ ಕದ್ದವನಿಗೂ "ನಿಮ್ಮ ಜೊತೆ ಒಂದು ಟ್ಯಾಗ್ ಇದೆ" ಅಂತ ಅದೇ ಸಂದೇಶ ಹೋಗುತ್ತೆ, ಅವನು ತೆಗೆದು ಚರಂಡಿಗೆ ಎಸೀತಾನೆ.