ರಾಗಿ ಲಕ್ಷ್ಮಣಯ್ಯ: ಇಂಡಾಫ್ ತಳಿಗಳ ಜನಕ

ರೈತರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಸ್ಮರಿಸುವ ಸಿ.ಎಚ್. ಲಕ್ಷ್ಮಣಯ್ಯನವರು (1921–1993) ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿ ಸುಧಾರಣೆಗೆ ದುಡಿದ ವಿಜ್ಞಾನಿ.

ರಾಗಿಯ ಹೂ ಅತಿ ಸೂಕ್ಷ್ಮ. ತನ್ನ ಪರಾಗದಿಂದಲೇ ಕಾಳು ಕಟ್ಟುವ ಈ ಬೆಳೆಯಲ್ಲಿ ಸಂಕರಣ ಕಾರ್ಯವು ಬಹು ತಾಳ್ಮೆಯನ್ನು ಬೇಡುತ್ತದೆ. 1960ರ ದಶಕದಲ್ಲಿ ಅವರು ನಾಡಿನ ತಳಿಗಳನ್ನು ಆಫ್ರಿಕಾದ ತಳಿಗಳೊಡನೆ ಸಂಕರಿಸಿದರು. ಹೀಗೆ ದೊರೆತ ಅಧಿಕ ಇಳುವರಿ ತಳಿಗಳಿಗೆ ಇಂಡಿಯಾ, ಆಫ್ರಿಕಾ ಎಂಬ ಎರಡೂ ಹೆಸರುಗಳನ್ನು ಕೂಡಿಸಿ ‘ಇಂಡಾಫ್’ ಎಂದು ಹೆಸರಿಡಲಾಯಿತು.

ಇಂಡಾಫ್ ಒಂದೇ ತಳಿಯಲ್ಲ. ಇಂಡಾಫ್-8 ಮುಂಗಾರಿಗೆ, ಇಂಡಾಫ್-7 ಹಿಂಗಾರಿಗೆ, ಅಲ್ಪಾವಧಿಯ ಇಂಡಾಫ್-9 ಬೇಸಿಗೆಗೆ ಹೊಂದುತ್ತವೆ. ಋತುವಿಗೆ ಒಗ್ಗದ ತಳಿ ಬಿತ್ತಿದರೆ ಇಳುವರಿ ಕುಸಿಯುತ್ತದೆ. ಆದ್ದರಿಂದ ಬೀಜ ಕೊಳ್ಳುವಾಗ ತಳಿಯ ಸಂಖ್ಯೆಯನ್ನೂ ಖಚಿತಪಡಿಸಿಕೊಳ್ಳಿ.

ಅವರ ಶ್ರಮ ಮುಂದಿನ ಸಂಶೋಧನೆಗೂ ಬುನಾದಿಯಾಯಿತು. ಬೆಂಕಿರೋಗ ನಿರೋಧಕ ಜಿ.ಪಿ.ಯು-28 ತಳಿಯ ವಂಶಾವಳಿಯಲ್ಲಿ ಇಂಡಾಫ್-5 ಮತ್ತು ಇಂಡಾಫ್-9 ಇವೆ. ಬೆಂಕಿರೋಗದ ಬಾಧೆಯಿರುವ ಪ್ರದೇಶಗಳಲ್ಲಿ ನಿರೋಧಕ ತಳಿಗಳಿಗೇ ಆದ್ಯತೆ ನೀಡಿ.

ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೀಗಾಗಿ ಬೆರಕೆಯಿಲ್ಲದ ತಾಕಿನಿಂದ ಆರೋಗ್ಯವಂತ ತೆನೆಗಳನ್ನು ಆರಿಸಿ, ಮುಂದಿನ ಬಿತ್ತನೆಗೆ ನಿಮ್ಮ ಬೀಜವನ್ನು ನೀವೇ ಉಳಿಸಿಕೊಳ್ಳಬಹುದು.